ಹಣಮಂತನ ಪಿಟೀಲಿಗೊಂದು ಕಮಾನು

ಹಣಮಂತನ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಮುಗಿಯಿತು, ಹಠಮಾರಿ ಬಾಡಿಗೆದಾರನ ಹಾಗೆ ಏನು ಮಾಡಿದರೂ ಖಾಲಿ ಮಾಡುವುದಿಲ್ಲ. ಈ ಸಲ ಹೊಕ್ಕಿದ್ದು ಪಿಟೀಲು. ನಾದಿನಿ ಸವಿತಾಳ ಮದುವೆ ಮಾದನಾಯಕನಹಳ್ಳಿಯ ಛತ್ರದಲ್ಲಿ ನಿಶ್ಚಯವಾಗಿತ್ತು. ಅಜ್ಜ ನಿಂಗಪ್ಪ ನುಡಿಸುತ್ತಿದ್ದಂಥ ತೆಂಗಿನ ಕರಟದ ಒಂಟಿ ತಂತಿ ಪಿಟೀಲನ್ನು ತಾನೂ ಮಾಡಿ, ನುಡಿಸಿ, ಹೆಂಡತಿ ಬಸಕ್ಕನ ತವರಿನವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮಾಡಬೇಕು! (ಆ ಮನೆಯವರು ಇದುವರೆಗೆ ದೊಡ್ಡ ಅಳಿಯನನ್ನು ಕೂಗಿ ಕರೆದದ್ದು ಊಟದ ಪಂಕ್ತಿಗೆ ಎಲೆ ಹಾಕುವುದಕ್ಕೆ ಮಾತ್ರ.)

ಮಾಕಳಿಯ ಒಂದೇ ಕೋಣೆಯ ಬಾಡಿಗೆ ಮನೆ ಸಂಗೀತ ಕಾರ್ಖಾನೆಯಾಯಿತು. ಅಜ್ಜ ಹೇಳುತ್ತಿದ್ದ ಪ್ರಕಾರ ಈ ವಾದ್ಯದ ಮೂಲಪುರುಷ ಸಾಕ್ಷಾತ್ ರಾವಣ. ಶಿವನನ್ನು ಒಲಿಸಲು ತನ್ನ ನರವನ್ನೇ ಕಿತ್ತು ತಂತಿ ಕಟ್ಟಿದನಂತೆ. ಹಣಮಂತ ಅಷ್ಟು ದೂರ ಹೋಗಲಿಲ್ಲ. ಹಳೆಯ ಸೈಕಲ್ಲಿನ ಬ್ರೇಕ್ ವೈರಿನಿಂದ ಒಂದು ಎಳೆ ಬಿಡಿಸಿಕೊಂಡ. ಕರಟವನ್ನು ಗಾಜಿನ ಚೂರಿನಿಂದ ಹೆರೆದು, ಬಾಯಿಗೆ ಆಡಿನ ಚರ್ಮ ಬಿಗಿದು, ಬಿದಿರು ಸಿಕ್ಕಿಸಿದ. ಚರ್ಮ ಒಣಗುವವರೆಗೆ ವಠಾರವೆಲ್ಲ ಮೂಗು ಮುಚ್ಚಿಕೊಂಡು ಓಡಾಡಿತು.

“ಏನಪ್ಪಾ ಅಣಮಂತ, ಒಳಗೆ ಏನಾರಾ ಸತ್ತೈತಾ?” ಎಂದಳು ಮನೆ ಒಡತಿ ನಾಗಲಕ್ಷ್ಮಮ್ಮ.

“ಇಲ್ರೀ ಅಕ್ಕಾರ, ಹುಟ್ಟಾಕತ್ತೈತಿ,” ಎಂದ ಹಣಮಂತ.

ಉಳಿದದ್ದು ತಂತಿಯ ಮೇಲೆ ಎಳೆಯುವ ಕಮಾನು. ಅದಕ್ಕೆ ಕುದುರೆ ಬಾಲದ ಕೂದಲೇ ಆಗಬೇಕು. ಆ ಕಡೆಗೆಲ್ಲ ಇದ್ದದ್ದು ಮದುವೆ ಮೆರವಣಿಗೆಯ ಒಂದೇ ಕುದುರೆ. ಅದರ ಹಿಂದೆ ಹೋಗಿ ನಿಂತವನು ಕುಂಟುತ್ತ ಮನೆಗೆ ಬಂದ. ಆಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಯಲ್ಲಿದ್ದ ಕವರು. ಬಸಕ್ಕ ತಲೆ ಬಾಚಿದಾಗಲೆಲ್ಲ ಉದುರಿದ ಕೂದಲನ್ನು ಸುತ್ತಿ ಅದರಲ್ಲಿ ಕೂಡಿಡುತ್ತಿದ್ದಳು. ಕೂದಲು ತಗೊಂಡು ಪಾತ್ರೆ ಕೊಡುವವನಿಗಾಗಿ ಇಟ್ಟಿದ್ದಾಳೆ, ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರಾಯಿತು ಎಂದುಕೊಂಡ. ಕೇಳಬಹುದಿತ್ತು, ಕೇಳಲಿಲ್ಲ. ಅವಳು ಗಾರ್ಮೆಂಟ್ಸಿಗೆ ಹೋದಾಗ ಕುಳಿತು ಸಿಕ್ಕು ಬಿಡಿಸಿ, ಎಳೆ ಎಳೆಯಾಗಿ ಜೋಡಿಸಿ, ಅಂಟು ಹಾಕಿ ಕಮಾನಿಗೆ ಬಿಗಿದು, ಮೇಲೆ ರಾಳ ತಿಕ್ಕಿದ.

ಮದುವೆಗೆ ವಾರವಿರುವಾಗ ಬಸಕ್ಕ ಮೊಳೆಯತ್ತ ನೋಡಿದಳು.

“ಕೂದ್ಲ ಎಲ್ಲಿ?”

ಹಣಮಂತ ಬಿಲ್ಲು ಮುರಿದ ವೀರನ ಗತ್ತಿನಲ್ಲಿ ಕಮಾನು ಎತ್ತಿ ತೋರಿಸಿದ. “ಡಬ್ಬಿ ನಾ ತಂದ್ ಕೊಡ್ತೀನಿ, ಚಿಂತಿ ಮಾಡಬ್ಯಾಡ.”

“ಡಬ್ಬಿ ಯಾರಿಗೆ ಬೇಕ್ರೀ? ಚೌರಿ ಕಟ್ಟಸಾಕ ಇಟ್ಟಿದ್ದೆ! ಹ್ವಾದ ವರ್ಷ ಜ್ವರದಾಗ ಉದುರಿದ್ದೆಲ್ಲಾ ಅದರಾಗಿತ್ತು. ತಂಗಿ ಮದುವ್ಯಾಗ ಉದ್ದಾನ ಜಡಿ ಹಾಕ್ಕೊಂಡು ನಿಂದ್ರಬೇಕಂತಿದ್ದೆ.”

“ತೊಳದ್ ಕೊಡ್ಲಿ?”

“ರಾಳ ಬಡದು, ಅಂಟ ಹಾಕಿ, ಈಗ ತೊಳೀತಾರಂತ! ಆ ರಾವಣ ತನ್ನ ನರಾ ತಾ ಕಿತ್ಕೊಂಡನ್ರೀ, ಹೆಂಡ್ತಿ ತಲಿಗೆ ಕೈ ಹಾಕಲಿಲ್ಲ.”

ದಿನಾ ಕಣ್ಣೆದುರೇ ಇದ್ದ ಅವಳ ಜಡೆ ಎಷ್ಟು ಸಣ್ಣಗಾಗಿದೆ ಎಂದು ಹಣಮಂತ ನೋಡಿದ್ದು ಆಗಲೇ. ಅಂಗಡಿಯ ಚೌರಿ ತಂದರೆ ಅವಳು ಮುಟ್ಟಲಿಲ್ಲ. ಪಿಟೀಲು ಮನೆಯಲ್ಲೇ ಇರಲಿ ಎಂದ. “ಊಹೂಂ, ತರ್ರಿ,” ಎಂದಳು. ಪಾಪದವನು, ಕ್ಷಮೆ ಸಿಕ್ಕಿತೆಂದೇ ನಂಬಿದ.

ಛತ್ರದಲ್ಲಿ ಬಸಕ್ಕ ಮುಡಿದ ಮಲ್ಲಿಗೆ ನಿಲ್ಲದೆ ಜಾರುತ್ತಿತ್ತು. ಸೋದರತ್ತೆ ಬೈರಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು: “ಯವ್ವಾ, ನಿನ್ನ ಜಡಿ ಎಲ್ಲಿ ಹೋತ?”

“ಅವರ ಕೈಯಾಗ ಐತಿ ನೋಡ ಅತ್ತಿ.”

ಹೆಂಗಸರು ಮುತ್ತಿಕೊಂಡರು. ನುಡಿಸಲು ಸಜ್ಜಾಗಿದ್ದವನ ಕೈಯಿಂದ ಕಮಾನು ಹೋಯಿತು. ಒಬ್ಬಳು ಸವರಿದಳು, ಒಬ್ಬಳು ಬೆಳಕಿಗೆ ಹಿಡಿದಳು, ಎಂಥಾ ಕೂದಲಿತ್ತು ಹುಡುಗಿಗೆ ಎಂದು ಒಬ್ಬೊಬ್ಬರೂ ಲೊಚಗುಟ್ಟಿದರು. ಹಣಮಂತ ಕರಟವನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಒಬ್ಬರೂ ನುಡಿಸಪ್ಪಾ ಅನ್ನಲಿಲ್ಲ.

ಊಟದ ಹೊತ್ತಿಗೆ ಕಮಾನು ಬಸಕ್ಕನ ಕೈಗೆ ಬಂತು. ಅವಳು ಅದನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ನೇವರಿಸಿದಳು. ಹಣಮಂತ ಕೈ ಚಾಚಿದ. ಅವಳು ಕೊಡಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡಳು. ಅವಳ ಕಣ್ಣು ತುಂಬಿತ್ತು.

“ಇನ್ನ ನುಡಸಬ್ಯಾಡ್ರೀ,” ಎಂದಳು. “ಕೂದ್ಲ ಹರೀತಾವ.”