ದರ್ಜಿಯ ಕೈಗೆ ಸ್ಕ್ಯಾನು

ಕೈಯನ್ನು ತಲೆಯಡಿಗಿಟ್ಟು ಮಲಗಿದ್ದೇ ತಪ್ಪಾಯಿತು. ಬೆಳಿಗ್ಗೆ ದರ್ಜಿಯ ಬೆರಳುಗಳು ಜೋಮು ಹಿಡಿದು ಕತ್ತರಿ ಜಾರಿ ಬಿತ್ತು. ಮುಖ ತೊಳೆಯುವಷ್ಟರಲ್ಲಿ ಜೋಮು ಬಿಟ್ಟಿತ್ತು. ಆದರೆ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದ ಶಾಲೆಯ ಸಮವಸ್ತ್ರದ ಬಟ್ಟೆ ಕಂಡದ್ದೇ, ಆ ಜೋಮು ಇನ್ನೊಂದು ವಾರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

“ಬೆರಳು ನನ್ನ ಮಾತೇ ಕೇಳ್ತಿಲ್ಲ ಕಣೇ,” ಎಂದು ನರಳಿದ.

ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತುವ ಮೊದಲೇ ಪಕ್ಕದ ಮನೆಯ ಚಿಕ್ಕಮ್ಮ ಕಿಟಕಿಯಲ್ಲಿ ಇಣುಕಿದರು. ಆ ಬೀದಿಯಲ್ಲಿ ಗುಟ್ಟೆಂದರೆ ತೂತು ಜೇಬಿನ ಚಿಲ್ಲರೆ. ಗಳಿಗೆಯಲ್ಲಿ ಅಂಗಡಿ ತುಂಬಿತು. ಬೀಗ ರಿಪೇರಿಯವ ಬೆರಳುಗಳನ್ನು ತುಕ್ಕು ಹಿಡಿದ ಕೀಲಿಗಳಂತೆ ಒಂದೊಂದಾಗಿ ತಿರುಚಿದ. ಚಿಕ್ಕಮ್ಮ ಮೊಣಕೈವರೆಗೆ ಎಣ್ಣೆ ಬಳಿದರು.

“ನಮ್ಮ ಭಾವಂಗೂ ಹೀಗೇ ಶುರುವಾಗಿದ್ದು. ಈಗ ಎಡಗೈಲಿ ಸಹಿ ಹಾಕ್ತಾರೆ, ಬ್ಯಾಂಕ್‌ನವ್ರು ನಂಬಲ್ಲ!” ಎಂದರು ಎಣ್ಣೆ ತಿಕ್ಕುತ್ತಲೇ.

“ನರದ ವಿಷ್ಯ ಹುಡುಗಾಟ ಅಲ್ಲ, ನಡೀರಿ ಅಣ್ಣಾ,” ಎಂದು ಬೀಗದವ ವ್ಯಾನು ತಂದೇಬಿಟ್ಟ. ಈಗ ವಾಸಿಯಾಯಿತು ಎಂದರೆ ಮಾನ ಹೋಗುತ್ತದೆ. ದರ್ಜಿ ತೆಪ್ಪಗೆ ಹತ್ತಿದ; ಹಿಂದೆಯೇ ಹೆಂಡತಿ, ಚಿಕ್ಕಮ್ಮ.

ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ತುಂಬ ಬಸುರಿಯರು.

“ನಿಮಗೆ ಎಷ್ಟು ತಿಂಗಳಾಯ್ತಣ್ಣಾ?” ಎಂದು ಒಬ್ಬಾಕೆ ಕಿಸಕ್ಕನೆ ನಕ್ಕಳು.

“ಇವತ್ತು ಬೆಳಿಗ್ಗೆಯಿಂದ,” ಎಂದು ಚಿಕ್ಕಮ್ಮ ಗಂಭೀರವಾಗಿ ಉತ್ತರಿಸಿದರು.

ಒಳಗೆ ಡಾಕ್ಟರಮ್ಮ ಮಣಿಕಟ್ಟಿಗೆ ತಣ್ಣನೆಯ ಜೆಲ್ ಸವರಿ ಯಂತ್ರದ ತುದಿ ಆಡಿಸಿದರು. ಪರದೆಯ ಮೇಲೆ ಬೂದು ಮೋಡ ತೇಲಿತು. “ಅಂಗೈಗೆ ಹೋಗೋ ನರ ಇದು. ಇಕ್ಕಟ್ಟಲ್ಲಿ ಸಿಕ್ಕಿದ್ರೆ ಊದ್ಕೊಳ್ಳತ್ತೆ. ನಿಮ್ಮದು... ಬಹಳ ಚೆನ್ನಾಗಿದೆಯಲ್ಲ!”

ದರ್ಜಿ ದಡಬಡಿಸಿ ಎದ್ದು ಕೂತ. “ಯಂತ್ರವೇ ಕೆಟ್ಟಿರ್ಬೇಕು ಡಾಕ್ಟ್ರೇ! ಇವಳ ಕೈ ಇಟ್ಟು ನೋಡಿ. ಕಲ್ಲಿನಂಥ ಕೈ, ಒಂದಿನ ನೋವು ಅಂದಿಲ್ಲ,” ಎಂದು ಹೆಂಡತಿಯ ಕೈಯನ್ನು ಎಳೆದು ಮುಂದಿಟ್ಟ.

ಡಾಕ್ಟರಮ್ಮ ನೋಡಿದರು. ಮತ್ತೆ ನೋಡಿದರು. “ಅಯ್ಯೋ, ನರ ಇಲ್ಲಿ ಊದಿದೆ, ಒಳಗೆ ಅಪ್ಪಚ್ಚಿ! ಬೆರಳು ಜೋಮು ಹಿಡಿಯಲ್ವೇನಮ್ಮಾ?”

“ಹಿಡಿಯತ್ತೆ. ಕೈ ಕೊಡವಿ ಮತ್ತೆ ಹೊಲೀತೀನಿ. ಎಲ್ರಿಗೂ ಹಾಗೇ ಅಂದ್ಕೊಂಡಿದ್ದೆ,” ಎಂದಳು ಹೆಂಡತಿ.

ದರ್ಜಿಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರಮ್ಮ ಅವಳ ಮಣಿಕಟ್ಟಿಗೆ ಪಟ್ಟಿ ಬಿಗಿದು, “ಒಂದು ತಿಂಗಳು ಸೂಜಿ, ಪಾತ್ರೆ, ಪೊರಕೆ ಯಾವುದೂ ಮುಟ್ಟಬೇಡಿ. ಪುಣ್ಯಕ್ಕೆ ಯಜಮಾನ್ರ ಕೈ ಗಟ್ಟಿಯಿದೆ,” ಎಂದರು.

ಸಂಜೆ ಹೆಂಡತಿ ದಿಂಬಿಗೊರಗಿ ಕೂತಿದ್ದಳು. ದರ್ಜಿ ಬಟ್ಟೆ ಕತ್ತರಿಸಿ, ಹೊಲಿದು, ಒಲೆಯ ಮೇಲಿನ ಪಾತ್ರೆ ಕಲಕಿ ಬಂದು ಗುಂಡಿ ಹೊಲಿಯತೊಡಗಿದ. ಸುತ್ತ ಇಡೀ ಬೀದಿಯೇ ಕುರ್ಚಿ ಹಾಕಿಕೊಂಡು ಕೂತಿತ್ತು.

“ಅದು ಸೊಟ್ಟಗಾಯ್ತಪ್ಪಾ,” ಎಂದರು ಚಿಕ್ಕಮ್ಮ, “ಬಿಚ್ಚಿ ಹೊಲಿ!”