ನಾನೇ ಬರೆದ ಗಾಂಜಾ ಕಾನೂನು

ಒಂದು ರಾಜ್ಯದ ಕಾನೂನಿನ ತೂತುಗಳನ್ನೆಲ್ಲ ಮುಚ್ಚಲು ನನ್ನಂಥ ಒಬ್ಬನೇ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆ ಸುಮಾರು ಮೂರು ವಾರ ಬಾಳಿತು.

ಕ್ಯಾಲಿಫೋರ್ನಿಯಾದಲ್ಲಿ ಮೋಜಿಗಾಗಿ ಗಾಂಜಾ ಸೇದುವುದು ಆಗಷ್ಟೇ ಕಾನೂನುಬದ್ಧವಾಗಿತ್ತು. ವಯಸ್ಸು ಇಪ್ಪತ್ತೊಂದಾದವರು ಮನೆಯಲ್ಲಿ ಆರು ಗಿಡ ಬೆಳೆಸಬಹುದು, ಬೀದಿಗೆ ಕಾಣಬಾರದು, ಉಳಿದದ್ದನ್ನು ಆಯಾ ಊರಿನವರೂ ಮನೆ ಮಾಲೀಕರೂ ನೋಡಿಕೊಳ್ಳಲಿ ಎಂದು ರಾಜ್ಯ ಕೈತೊಳೆದುಕೊಂಡಿತ್ತು. ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಲಿಂಡಾ, ನಿಯಮಗಳ ಕರಡು ಬರೆಯಲು ಯಾರಾದರೂ ಮುಂದೆ ಬನ್ನಿ ಎಂದು ಎಲ್ಲರಿಗೂ ಇಮೇಲ್ ಕಳಿಸಿದಳು. ಮುಂದೆ ಬಂದವನು ನಾನೊಬ್ಬನೇ!

ನನ್ನ ಗುರಿ ಸ್ಪಷ್ಟವಾಗಿತ್ತು: ಮೇಲಿನ ಮನೆಯ ಗ್ಯಾರಿ. ಅರವತ್ತು ದಾಟಿದ, ಬಿಳಿ ಜಡೆಯ ಮನುಷ್ಯ. ಅವನ ಬಾಲ್ಕನಿಯ ಹೊಗೆ ಸಂಜೆ ನಮ್ಮ ಊದುಬತ್ತಿಯ ಜೊತೆ ಸ್ಪರ್ಧೆಗೆ ಇಳಿಯುತ್ತಿತ್ತು. ಗೆಲ್ಲುತ್ತಲೂ ಇತ್ತು.

"ನಿಮಗ್ಯಾಕ್ರೀ ಈ ಉಸಾಬರಿ? ಆಫೀಸು ಮೀಟಿಂಗಲ್ಲಿ ಬಾಯಿ ಬಿಡಲ್ಲ, ಇಲ್ಲಿ ಕಾನೂನು ಬರೀತೀರಾ?" ಎಂದಳು ಹೆಂಡತಿ ಸವಿತಾ.

"ಸಮಾಜ, ಸವಿತಾ, ಸಮಾಜ!" ಎಂದೆ.

ಒಂಬತ್ತು ಕಲಂ ಬರೆದೆ. ಕಲಂ ಎರಡು: ಬೆರಳು ಬಿಡಿಸಿದ ಹಸ್ತದಂಥ ಎಲೆಯುಳ್ಳ ಯಾವ ಗಿಡವೂ ಬಾಲ್ಕನಿಯಲ್ಲಿ ಇರತಕ್ಕದ್ದಲ್ಲ. ಕಲಂ ಮೂರು: ಕಂಡರೆ ಕೂಡಲೇ ವಶಪಡಿಸಿಕೊಳ್ಳತಕ್ಕದ್ದು. ಕಲಂ ನಾಲ್ಕು: 'ಇದು ಔಷಧಿ', 'ಇದು ತರಕಾರಿ' ಮುಂತಾದ ನೆಪಗಳಿಗೆ ಕಿವಿಗೊಡತಕ್ಕದ್ದಲ್ಲ. ಕಲಂ ಐದು: ಆಫೀಸು, ಲಿಫ್ಟು, ಈಜುಕೊಳದ ಬಳಿ ಸೇದುವುದಾಗಲಿ ತಿನ್ನುವುದಾಗಲಿ ಕೂಡದು. 'ತರಕಾರಿ' ಎಂಬ ಪದ ಸೇರಿಸಿದಾಗ ನನ್ನ ದೂರದೃಷ್ಟಿಗೆ ನಾನೇ ತಲೆದೂಗಿದೆ. ಲಿಂಡಾ ಒಂದಕ್ಷರ ಬದಲಿಸದೆ ಒಪ್ಪಿದಳು.

ನಿಯಮ ಜಾರಿಯಾದ ದಿನವೇ ಕೆಲಸದಿಂದ ಬಂದು ನೋಡಿದರೆ, ಬಾಗಲಕೋಟೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ಅತ್ತೆ ಖಾಲಿ ಬಾಲ್ಕನಿಯಲ್ಲಿ ನಿಂತಿದ್ದರು.

"ಅಳಿಯಾರ, ಯಾರೋ ಇಬ್ಬರು ಬಂದು ಇಂಗ್ಲಿಷ್‌ನ್ಯಾಗ ಏನೋ ಅಂದ್ರು. ನನ್ನ ಪುಂಡಿಪಲ್ಲೆ ಗಿಡಾ ಎಲ್ಲಾ ಹೊತ್ಕೊಂಡು ಹ್ವಾದ್ರು ನೋಡ್ರಿ! ನೀವ ಕಳಿಸಿರಬೇಕಂತ ತಿಳಿದು ನಾ ಚಹಾನೂ ಮಾಡಿ ಕೊಟ್ಟೆ."

ಇಂಡಿಯನ್ ಗ್ರೋಸರಿಯಿಂದ ತಂದ, ಪುಂಡಿ ಎಂಬ ಹುಳಿಸೊಪ್ಪಿನ ಕಟ್ಟು ಅದು. ಎಲೆ ಬಿಡಿಸಿ ಉಳಿದ ದಂಟುಗಳನ್ನು ಅತ್ತೆ ಹನ್ನೊಂದು ಕುಂಡಗಳಲ್ಲಿ ನೆಟ್ಟಿದ್ದರು. ಇಂಗ್ಲಿಷ್ ಬಾರದ, ಕಾರು ಓಡಿಸದ ಅವರಿಗೆ ಹಗಲೆಲ್ಲ ಮಾತಿಗೆ ಸಿಗುತ್ತಿದ್ದದ್ದು ಆ ಗಿಡಗಳು ಮಾತ್ರ. ಬಾಲ್ಕನಿಗೆ ನಾನು ಕಾಲಿಟ್ಟವನೇ ಅಲ್ಲ. ಫೋನಿನಲ್ಲಿ ಪುಂಡಿ ಎಲೆಯನ್ನೂ ಗಾಂಜಾ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವಳಿ ಜವಳಿ!

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಯ್ದವರು ಲಿಂಡಾಳ ಆಳುಗಳು; ಬೆಳಿಗ್ಗೆ ಕಸದ ಲಾರಿ ಬರುವುದರೊಳಗೆ ಗಿಡ ಬಿಡಿಸಿಕೊಳ್ಳಬೇಕು. ಲಿಂಡಾಳ ಆಫೀಸಿಗೆ ಓಡಿದೆ.

"ಅದು ತರಕಾರಿ!" ಎಂದೆ.

"ಕಲಂ ನಾಲ್ಕು," ಎಂದಳು ಲಿಂಡಾ.

"ಬೇಳೆ ಹಾಕಿ ಬೇಯಿಸುತ್ತೇವೆ. ಮನೆಯವರೆಲ್ಲ ತಿನ್ನುತ್ತೇವೆ. ಮಗಳ ಡಬ್ಬಿಗೂ ಹಾಕುತ್ತೇವೆ!"

ಲಿಂಡಾ ಪೆನ್ನು ತೆಗೆದುಕೊಂಡು ಬರೆದುಕೊಳ್ಳತೊಡಗಿದಳು. ನನಗೆ ಗಾಬರಿಯಾಯಿತು. ಸಾಕ್ಷಿ ಬೇಕೆಂದು, ಮೂಲೆಯಲ್ಲಿಟ್ಟಿದ್ದ ನಮ್ಮ ಕುಂಡದಿಂದ ಒಂದು ಹಿಡಿ ಎಲೆ ಕಿತ್ತು ಬಾಯಿಗೆ ತುರುಕಿಕೊಂಡೆ. ಹಸಿ ಪುಂಡಿಯ ಹುಳಿಗೆ ಹಲ್ಲು ಜುಮ್ಮೆಂದು ಕಣ್ಣು ಕೆಂಪಾಯಿತು. ಕೆಂಪು ಕಣ್ಣು ಕಂಡು ಲಿಂಡಾಳ ಅನುಮಾನ ಪೂರ್ತಿ ಪರಿಹಾರವಾಯಿತು.

"ಕಲಂ ಐದು," ಎಂದಳು, ಕುರ್ಚಿ ಹಿಂದಕ್ಕೆ ಸರಿಸುತ್ತ.

ಅಷ್ಟರಲ್ಲಿ ತನ್ನ ಪಾರ್ಸೆಲ್ ಒಯ್ಯಲು ಗ್ಯಾರಿ ಒಳಗೆ ಬಂದ. ಬಾಯಿ ತುಂಬ ಸೊಪ್ಪಿದ್ದ ನನ್ನನ್ನು ನೋಡಿದ. ಒಂದು ಎಲೆ ಚಿವುಟಿ, ಉಜ್ಜಿ, ಮೂಸಿದ.

"ಲಿಂಡಾ, ಇದರಿಂದ ಯಾರಿಗೂ ಏನೂ ಏರುವುದಿಲ್ಲ. ಮುಳ್ಳು ನೋಡು, ದಾಸವಾಳದ ಜಾತಿ. ನನ್ನ ಮಾತು ನಂಬು."

ಲಿಂಡಾ ಕೂಡಲೇ ನಂಬಿದಳು! ಈ ವಿಷಯದಲ್ಲಿ ಗ್ಯಾರಿಯಷ್ಟು ಅನುಭವಸ್ಥ ಇಡೀ ಕಟ್ಟಡದಲ್ಲಿ ಇನ್ನೊಬ್ಬನಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಗ್ಯಾರಿ ತಜ್ಞನಾಗಿ ಸಹಿ ಹಾಕಿದ. ಯಾರನ್ನು ಹಿಡಿಯಲೆಂದು ಒಂಬತ್ತು ಕಲಂ ಬರೆದಿದ್ದೆನೋ ಅವನೇ ನನ್ನನ್ನು ಬಿಡಿಸಿದ. ಸಾಲದೆಂಬಂತೆ ಕುಂಡಗಳನ್ನೂ ತಾನೇ ಹೊತ್ತು ತಂದ.

ಅವನು ಎಲೆ ಮೂಸಿ ಗಿಡ ಬಿಡಿಸಿದ್ದನ್ನು ನನ್ನ ಬಾಯಿಂದ ಕೇಳಿ, ಅತ್ತೆ ಅವನನ್ನು ಕೂರಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಮೂರು ರೊಟ್ಟಿ ತಿಂದು, ಕೈಮುಗಿದು ಹೋದ.

"ಎಷ್ಟ್ ಛಲೋ ಮನುಷ್ಯಾರೀ! ಎಲಿ ಮೂಸಿದ ಕೂಡ್ಲೇ ಗುರುತು ಹಿಡದ. ಏನ್ ಉದ್ಯೋಗ ಮಾಡ್ತಾನ್ರಿ ಅಂವಾ?" ಎಂದು ಅತ್ತೆ ಕೇಳಿದರು.

ಸವಿತಾ ನನ್ನ ಮುಖ ನೋಡಿದಳು.

"ಕೃಷಿ, ಅತ್ತೆ," ಎಂದೆ.

"ಅದಕ್ಕ ಮತ್ತ! ಅಳಿಯಾರ, ನಿಮಗ ಗಿಡದ ಗಂಧಾನ ಇಲ್ಲ. ದಿನಾ ಸಂಜಿಕೆ ಅವನ ಕಡೆ ಹೋಗಿ ಒಂದೀಟು ಕಲ್ತು ಬರ್ರಿ."

ಸವಿತಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನು ತಲೆ ತಗ್ಗಿಸಿ, "ಆಯ್ತು ಅತ್ತೆ," ಎಂದೆ.