ಸೆಷನ್ಸಿಗೆ ಹೋದ ಯಜಮಾನರು

ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಬೋರಿಂಗಿನಿಂದ ಆರು ಬಿಂದಿಗೆ ನೀರು ತಂದೆ, ಜಮಖಾನ ಕೊಡವಿ ಹಾಸಿದೆ, ನಾದಿನಿ ವಿಮಲಳ ಸೀರೆಗೆ ಇಸ್ತ್ರಿ ಹಾಕಿದೆ. ಇಷ್ಟನ್ನೂ ನೆಟ್ಟಗೆ ಮಾಡಿದವಳು ಒಂದೇ ಒಂದು ಇಂಗ್ಲಿಷ್ ಪದ ಆಡಲು ಹೋಗಿ ಕೆಟ್ಟೆ. ಗಂಡನ ವಿಷಯದಲ್ಲಿ ಜಂಬ ಕೊಚ್ಚಿಕೊಳ್ಳುವುದಿದ್ದರೆ ಕನ್ನಡದಲ್ಲೇ ಕೊಚ್ಚಿಕೊಳ್ಳುವುದು ಕ್ಷೇಮ.

ಎಂಬತ್ತರ ದಶಕ, ಮನೆಮನೆಗೆ ಟೇಪ್ ರೆಕಾರ್ಡರ್ ಬರುತ್ತಿದ್ದ ಕಾಲ. ಕೋಲಾರದಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಆಗಾಗ ಶನಿವಾರ ಬೆಂಗಳೂರಿನ ಸ್ಟುಡಿಯೋ ಒಂದಕ್ಕೆ ಗಿಟಾರ್ ನುಡಿಸಲು ಹೋಗುತ್ತಿದ್ದರು. ಅದಕ್ಕೆ ‘ಸೆಷನ್ಸ್’ ಎನ್ನುತ್ತಿದ್ದರು. ಸಮುದ್ರದ ಅಲೆಯ ಮೇಲೆ ಹಲಗೆ ಹತ್ತಿ ಜಾರುವವರ ಸಂಗೀತವಂತೆ, ಕಾರು ರೇಸಿನವರ ಸಂಗೀತವಂತೆ, ಎಲ್ಲ ಫಾರಿನ್ ಮಾದರಿ. ನುಡಿಸುವವರು ಅವೇ ನಾಲ್ಕು ಜನ; ಆದರೆ ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಬ್ಯಾಂಡಿನ ಹೆಸರು, ಮೇಲೆ ಯಾರೋ ಚೆಂದದ ಹುಡುಗರ ಫೋಟೋ. ನಮ್ಮವರ ಬೋಳುತಲೆ ಎಲ್ಲೂ ಇಲ್ಲ.

ಆ ಭಾನುವಾರ ಗೌನಿಪಲ್ಲಿಯಿಂದ ವಿಮಲಳನ್ನು ನೋಡಲು ಹುಡುಗನ ಸೋದರತ್ತೆ ಬಂದರು. ಹುಡುಗ ವಿಮಲಳಿಗೆ ಆಗಲೇ ಮೆಚ್ಚಿಗೆಯಾಗಿದ್ದ. ಈ ಅತ್ತೆ ಹೂಂ ಅನ್ನುವುದಷ್ಟೇ ಬಾಕಿ.

“ನಿಮ್ಮ ಯಜಮಾನ್ರು ಎಲ್ಲಮ್ಮ?”

“ನಿನ್ನೆ ಸೆಷನ್ಸಿಗೆ ಹೋದ್ರು. ಇನ್ನೇನು, ಇಷ್ಟೊತ್ತಿಗೆ ಬಿಟ್ಟಿರ್ತಾರೆ” ಎಂದೆ ಠೀವಿಯಿಂದ.

ಅತ್ತೆಯ ಕೈಯ ಕಾಫಿ ಲೋಟ ಅರ್ಧದಲ್ಲೇ ನಿಂತಿತು. ಕೊಲೆ ಕೇಸುಗಳು ನಡೆಯುವ ಸೆಷನ್ಸ್ ಕೋರ್ಟ್ ಬಿಟ್ಟರೆ ನಮ್ಮ ಕಡೆಯವರಿಗೆ ಬೇರೆ ಸೆಷನ್ಸೇ ಗೊತ್ತಿಲ್ಲವೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

“ಒಬ್ಬರೇನಾ?”

“ಇಲ್ಲ, ನಾಲ್ಕು ಜನ ಸೇರಿ ಮಾಡೋದು. ಆದ್ರೆ ಇವರ ಹೆಸರು ಎಲ್ಲೂ ಬರಲ್ಲ. ಬೇರೆ ಹುಡುಗರ ಫೋಟೋ ಹಾಕಿಬಿಡ್ತಾರೆ.”

“ದೇವುಡಾ! ಮಾಡೋರು ಇವರು, ಸಿಕ್ಕಿಹಾಕ್ಕೊಳ್ಳೋರು ಯಾರೋ ಮಕ್ಕಳಾ?” ಅತ್ತೆ ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

ಒಳಗಿದ್ದ ವಿಮಲ ನಾಚಿಕೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಓಡಿ ಬಂದಳು. “ಕೋರ್ಟು ಕಾದಂಡಿ, ಪಾಟ! ಗಿಟಾರು!” ಕೋರ್ಟಲ್ಲ, ಹಾಡು ಎಂದು ತೆಲುಗಿನಲ್ಲಿ ಕೂಗಿ, ಟೇಪ್ ಹಾಕಿದಳು.

“ಇದೇನಮ್ಮ, ಬೋರ್ ಕೊರೆಯೋ ಲಾರಿ ಬಂದಂಗೈತೆ!” ಎಂದ ಅತ್ತೆ, ಕ್ಯಾಸೆಟ್ಟಿನ ಡಬ್ಬಿ ತಿರುಗಿಸಿ ನೋಡಿದರು. ಕಾರಿನ ಮೇಲೆ ಕೂತ ನಾಲ್ವರು ಹುಡುಗರು. “ಇದರಾಗೆ ನಿಮ್ಮೋರು ಯಾರು?”

ಪುಣ್ಯಕ್ಕೆ ಇವರು ಹನ್ನೊಂದರ ಬಸ್ಸಿಗೆ ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ ವಿಮಲ ಅಣ್ಣನ ಹೆಗಲ ಚೀಲದಿಂದ ಗಿಟಾರನ್ನು ತೆಗೆದು ಕೈಗಿತ್ತು ಕೂರಿಸಿದಳು. ಟೇಪಿನಲ್ಲಿದ್ದ ಅದೇ ಲಾರಿ ಇವರ ಬೆರಳಿನಿಂದಲೂ ಹೊರಟಿತು. ಅತ್ತೆ ಮತ್ತೆ ಕೂತರು. ಇದು ಸಮುದ್ರದ ಅಲೆಯ ಸಂಗೀತವೆಂದು ವಿಮಲ ವಿವರಿಸಿದ ಮೇಲೆ ಇವರನ್ನು ಕೇಳಿದರು:

“ನೀವು ಸಮುದ್ರ ನೋಡಿದ್ದೀರಾ?”

“ಇಲ್ಲಮ್ಮ. ಕೆರೆ ಕೋಡಿ ಹೋಗಿದ್ದು ಒಂದ್ಸಲ ನೋಡಿದ್ದೀನಿ.”

ಅತ್ತೆ ನಕ್ಕರು. “ಮದುವೇಲಿ ನೀವೇ ಬಾರಿಸ್ಬೇಕು ಮತ್ತೆ. ಫೋಟೋ ಹುಡುಗರನ್ನ ಕಳಿಸಂಗಿಲ್ಲ!”

ಮಧ್ಯಾಹ್ನ ಮಾವಿನಕಾಯಿ ಚಿತ್ರಾನ್ನ, ಹಪ್ಪಳ, ಮೊಸರನ್ನ ಉಂಡೆವು. ಅತ್ತೆ ಕ್ಯಾಸೆಟ್ಟನ್ನು ಮತ್ತೆ ಹಾಕಿಸಿ ಕಣ್ಣರಳಿಸಿ ಕೇಳಿದರು. ಊರಿಗೆಲ್ಲ ಗಂಡನ ಸಂಗೀತ ಸಾರುವ ನಾನು ಮಾತ್ರ ಎಲ್ಲರಿಗಿಂತ ಮೊದಲು ಗೋಡೆಗೊರಗಿ ನಿದ್ದೆಹೋದೆ. ಆ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಏನಿದೆಯೆಂದು ನನಗೆ ಇಂದಿಗೂ ಗೊತ್ತಿಲ್ಲ.